ಗಾಳಿಕೋವಿಯೂ ಮನೆಯ ಕಾವಲೂ

ಮನುಷ್ಯನು ಅಲೆದಾಟವನ್ನು ಬಿಟ್ಟು ಒಂದೆಡೆಯಲ್ಲಿ ಮನೆಯನ್ನು ಕಟ್ಟಿಕೊಂಡು ಕುರಿ ಕೋಳಿಗಳನ್ನು ಸಾಕತೊಡಗಿದಂದಿನಿಂದ ಅವನಿಗೆ ಹೊಸದೊಂದು ಚಿಂತೆಯೂ ಗಂಟುಬಿದ್ದಿತು. ಹಗಲೆಲ್ಲ ಮೇಯಿಸಿ ತಂದ ಜೀವಗಳನ್ನು ಇರುಳಿನಲ್ಲಿ ಕಾಯುವುದು ಹೇಗೆ ಎಂಬುದೇ ಆ ಚಿಂತೆ. ಕರ್ಣಾಟಕದ ಬಯಲುಸೀಮೆಯ ಕುರಿಗಾರರು ರೊಪ್ಪದ ಸುತ್ತಲೂ ಮುಳ್ಳಿನ ಬೇಲಿಯನ್ನು ಹಾಕಿ, ನಾಯಿಗಳನ್ನು ಕಾವಲಿಟ್ಟು, ತೋಳನನ್ನು ದೂರವಿರಿಸಿದರು. ಹಳ್ಳಿಯ ಗೃಹಿಣಿಯು ಸಂಜೆಯಾಗುತ್ತಲೆ ಕೋಳಿಗಳನ್ನು ಪಂಜರದಲ್ಲಿ ಕೂಡಿ ಅದರ ಮೇಲೊಂದು ಕಲ್ಲನ್ನು ಹೇರಿದಳು. ಇಂಗ್ಲೆಂಡ್ ಅಮೆರಿಕಗಳ ಒಕ್ಕಲುಮನೆಗಳಲ್ಲಿಯಾದರೋ ಈ ಕಾವಲಿಗೆ ಮತ್ತೊಂದು ಉಪಕರಣವು ಬಳಕೆಗೆ ಬಂದಿತು. ಅದೇ ಗಾಳಿಕೋವಿ. ಅದಕ್ಕೆ ಮದ್ದು ಬೇಡ, ಕಿಡಿ ಬೇಡ. ಹೊಗೆಯಿಲ್ಲ, ಸದ್ದು ಅಲ್ಪ. ಹೀಗೆ ಸಾಧುವಾಗಿ ತೋರುವ ಈ ಉಪಕರಣದ ಚರಿತ್ರೆಯನ್ನು ನೋಡಿದರೆ, ಇದನ್ನು ಮಹಾಸ್ತ್ರವೆಂದು ನಂಬಿದವರೂ ತಪ್ಪಿದರು, ಬರಿಯ ಆಟಿಕೆಯೆಂದು ಬಗೆದವರೂ ತಪ್ಪಿದರು ಎಂಬುದು ಗೋಚರವಾಗುವುದು. ಮನೆಯ ಕಾವಲಿಗಾಗಿ ಗಾಳಿಕೋವಿಯನ್ನು ಆರಿಸುವವನು ಮೊದಲು ಅರಿಯತಕ್ಕ ವಿಷಯವಿದು.

ಇದರ ತತ್ತ್ವವು ನಮ್ಮವರಿಗೆ ಅಪರಿಚಿತವಾದುದಲ್ಲ. ಒಲೆಯ ಮುಂದಿನ ಊದುಗೊಳವೆ, ಕಮ್ಮಾರನ ತಿದಿ, ಇವೆರಡೂ ಗಾಳಿಯನ್ನು ಇಕ್ಕಟ್ಟಾದ ದಾರಿಯಲ್ಲಿ ನೂಕುವ ಸಾಧನಗಳು. ಮಲೆನಾಡಿನ ಹುಡುಗರು ಆಡುವ ಬಿದಿರಿನ ಪೆಟ್ಲು ಇನ್ನೂ ಹತ್ತಿರದ ನಿದರ್ಶನವು. ಗೊಳವೆಯ ತುದಿಗೆ ಒಂದು ಕಾಯನ್ನು ಬಿಗಿಯಾಗಿ ತುಂಬಿ, ಹಿಂದಿನಿಂದ ಇನ್ನೊಂದು ಕಾಯನ್ನು ಕಡ್ಡಿಯಿಂದ ನೂಕಿದಾಗ, ನಡುವೆ ಸಿಕ್ಕಿದ ಗಾಳಿಯು ಒತ್ತೊತ್ತಾಗಿ, ಕೊನೆಗೆ ತಾಳಲಾರದೆ ಮುಂದಿನ ಕಾಯನ್ನು ಪಟ್ಟೆಂದು ಹಾರಿಸುವುದು. ಗಾಳಿಕೋವಿಯೆಂಬುದು ಈ ಪೆಟ್ಲಿನ ಪ್ರೌಢಾವಸ್ಥೆಯೇ ಸರಿ.

ಯೂರೋಪಿನಲ್ಲಿ ಇದರ ಪ್ರಾಚೀನತೆಯು ನಾಲ್ಕು ಶತಮಾನಗಳಿಗೂ ಮಿಕ್ಕುದು. ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮಿನ ರಾಜಾಯುಧಶಾಲೆಯಲ್ಲಿ ಸುಮಾರು 1580ನೆಯ ಇಸವಿಯದೆಂದು ಎಣಿಸಲಾದ ಗಾಳಿಕೋವಿಯೊಂದಿರುವುದು. ಕೋವಿಯ ಹಿಡಿಯಲ್ಲಿಯೇ ಪುಟ್ಟ ತಿದಿಯನ್ನು ಅಡಗಿಸಿ ಮಾಡಿದ ಬಗೆಯೂ ಹಿಂದೆ ಇದ್ದಿತು. ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಆಟೋ ಫಾನ್ ಗೆರಿಕೆಯು ಗಾಳಿಯ ಪಂಪನ್ನು ರಚಿಸಿ, 1654ರಲ್ಲಿ ಅದರ ಸಾಮರ್ಥ್ಯವನ್ನು ಬಹಿರಂಗವಾಗಿ ತೋರಿಸಿದನು. 1660ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲನು ಗಾಳಿಗೆ ಸ್ಪ್ರಿಂಗಿನಂತೆ ಪುಟಿಯುವ ಗುಣವಿದೆಯೆಂದು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಒತ್ತಿದ ಗಾಳಿಯು ತನ್ನೊಳಗೆ ಬಲವನ್ನು ಕೂಡಿಟ್ಟುಕೊಂಡಿರುವುದೆಂಬ ಈ ತಿಳಿವಳಿಕೆಯು ಕೋವಿಗಾರರ ಕುಶಲತೆಗೆ ಶಾಸ್ತ್ರದ ಆಧಾರವಾಯಿತು.

ಗಾಳಿಕೋವಿಯು ಮಹಾಸ್ತ್ರಪದವಿಗೆ ಏರಿದುದು ಆಸ್ಟ್ರಿಯ ದೇಶದಲ್ಲಿ. ಬಾರ್ತಲೋಮಿಯಸ್ ಗಿರಾಂಡೋನಿ ಎಂಬ ಶಿಲ್ಪಿಯು ರಚಿಸಿದ ಕೋವಿಯನ್ನು 1780ರ ಸುಮಾರಿನಲ್ಲಿ ಆ ದೇಶದ ಸೈನ್ಯವು ಸ್ವೀಕರಿಸಿತು. ಆ ಕೋವಿಯ ಬುಡದ ಹಿಡಿಯೇ ಗಾಳಿಯ ಉಗ್ರಾಣ. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತು ಗುಂಡುಗಳಿದ್ದು, ಒಂದನ್ನು ಹಾರಿಸಿದೊಡನೆಯೇ ಮತ್ತೊಂದನ್ನು ಸ್ಥಾನಕ್ಕೆ ತರಬಹುದಾಗಿತ್ತು. ಮದ್ದಿನ ಬಂದೂಕಿನವನು ಪ್ರತಿ ಗುಂಡಿಗೂ ನಳಿಗೆಯನ್ನು ನಿಲ್ಲಿಸಿ ಮದ್ದು ತುಂಬಿ ಗಜದಿಂದ ಜಡಿಯುತ್ತಿದ್ದ ಕಾಲದಲ್ಲಿ ಇದು ವಿಸ್ಮಯದ ಮಾತೇ ಆಗಿದ್ದಿತು. ಆದರೆ ಉಗ್ರಾಣವನ್ನು ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಾಗಿತ್ತು. ಚರ್ಮದ ಬಿಗಿಪಟ್ಟಿಗಳು ಒಣಗಿದರೆ ಗಾಳಿಯು ಸೋರುತ್ತಿತ್ತು. ಕೆಟ್ಟುದನ್ನು ಸರಿಪಡಿಸಲು ನುರಿತ ಕೆಲಸಗಾರರೇ ಬೇಕಾಗುತ್ತಿದ್ದರು. ರಣರಂಗದ ಒರಟುತನಕ್ಕೆ ಇಷ್ಟು ನಾಜೂಕಾದ ಯಂತ್ರವು ಒಗ್ಗಲಿಲ್ಲ. 1815ರ ವೇಳೆಗೆ ಸೈನ್ಯದಲ್ಲಿ ಅದರ ಬಳಕೆಯು ನಿಂತುಹೋಯಿತು. ಆಯುಧದ ಗುಣವು ಅದರ ರಚನೆಯಲ್ಲಿ ಮಾತ್ರವಿಲ್ಲ, ಅದನ್ನು ಹಿಡಿದವನು ಅದನ್ನು ಎಷ್ಟರಮಟ್ಟಿಗೆ ಪೋಷಿಸಬಲ್ಲನೆಂಬುದರಲ್ಲಿಯೂ ಇದೆ.

ಇಂತಹುದೇ ಒಂದು ಗಾಳಿಕೋವಿಯು ಅಮೆರಿಕದ ಚರಿತ್ರೆಯಲ್ಲಿಯೂ ಕಾಣಿಸಿಕೊಂಡಿತು. ಪಶ್ಚಿಮ ಸಮುದ್ರದವರೆಗೆ ಸಂಚರಿಸಿ 1806ರಲ್ಲಿ ಹಿಂದಿರುಗಿದ ಲೂಯಿಸ್ ಮತ್ತು ಕ್ಲಾರ್ಕರ ತಂಡದಲ್ಲಿ ಅದಿದ್ದಿತು. ಅದು ಗಿರಾಂಡೋನಿಯ ಮಾದರಿಯದೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ದಾರಿಯಲ್ಲಿ ಎದುರಾದ ಮೂಲನಿವಾಸಿಗಳ ಮುಂದೆ ಲೂಯಿಸನು ಅದನ್ನು ಹಾರಿಸಿ ತೋರಿಸಿ ಅವರನ್ನು ಬೆರಗುಗೊಳಿಸುತ್ತಿದ್ದನು. ಆದರೆ ಪ್ರಯಾಣದ ಆರಂಭದಲ್ಲಿಯೇ, 1803ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಪಿಟ್ಸ್‌ಬರ್ಗಿನ ಬಳಿಯ ಒಂದು ದ್ವೀಪದಲ್ಲಿ ಅನಾಹುತವೊಂದು ನಡೆಯಿತು. ಕುತೂಹಲದಿಂದ ಕೋವಿಯನ್ನು ಕೈಗೆ ತೆಗೆದುಕೊಂಡ ಒಬ್ಬನಿಂದ ಅದು ಅಕಸ್ಮಾತ್ತಾಗಿ ಹಾರಿತು. ಸುಮಾರು ನಲವತ್ತು ಗಜ ದೂರದಲ್ಲಿದ್ದ ಹೆಂಗಸೊಬ್ಬಳ ಟೋಪಿಯನ್ನು ತೂರಿದ ಗುಂಡು ಅವಳ ಕಣತಲೆಯನ್ನು ಸೀಳಿತು. ನೆತ್ತರು ಹರಿದು ಆಕೆಯು ನೆಲಕ್ಕೊರಗಿದಾಗ, ಪ್ರಾಣವೇ ಹೋಯಿತೆಂದು ಎಲ್ಲರೂ ನಡುಗಿದರು. ಪುಣ್ಯವಶಾತ್ ಗಾಯವು ಮೇಲುಮೇಲಿನದಾಗಿದ್ದು ಆಕೆಯು ಚೇತರಿಸಿಕೊಂಡಳು. ಹೊಗೆಯಿಲ್ಲದ ಮಾತ್ರಕ್ಕೆ ಹಗೆತನವಿಲ್ಲವೆಂದು ತಿಳಿಯಲಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಾಳಿಕೋವಿಯು ಅರಮನೆ ಪಾಳೆಯಗಳನ್ನು ಬಿಟ್ಟು ಸಾಮಾನ್ಯರ ಮನೆಯನ್ನು ಹೊಕ್ಕಿತು. ಅಮೆರಿಕದ ಪ್ಲಿಮತ್ ಎಂಬ ಊರಿನಲ್ಲಿ ಒಕ್ಕಲಿಗರಿಗೆ ಗಾಳಿಗಿರಣಿಗಳನ್ನು ಮಾಡಿ ಮಾರುತ್ತಿದ್ದ ಕಂಪೆನಿಯೊಂದು, ಗಿರಣಿಯನ್ನು ಕೊಂಡವರಿಗೆ ಲೋಹದ ಪುಟ್ಟ ಗಾಳಿಕೋವಿಯೊಂದನ್ನು ಉಡುಗೊರೆಯಾಗಿ ಕೊಡತೊಡಗಿತು. ಗಿರಣಿಗಿಂತ ಉಡುಗೊರೆಗೇ ಗಿರಾಕಿಗಳು ಹೆಚ್ಚಿ, ಕಂಪೆನಿಯು ಗಿರಣಿಯ ಕೆಲಸವನ್ನು ಕೈಬಿಟ್ಟು, 1895ರಲ್ಲಿ ಕೋವಿಯ ಹೆಸರಾದ ಡೇಯ್ಸಿ ಎಂಬುದನ್ನೇ ತನ್ನ ಹೆಸರಾಗಿ ಮಾಡಿಕೊಂಡಿತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಲಿಂಕನ್ ಜೆಫ್ರೀಸನು ರಚಿಸಿದ ಬಲವಾದ ಸ್ಪ್ರಿಂಗಿನ ಕೋವಿಯನ್ನು ಬಿ. ಎಸ್. ಎ. ಕಂಪೆನಿಯು 1905ರಿಂದ ತಯಾರಿಸಿತು. ಮೊದಲನೆಯದು ಹುಡುಗರ ಆಟಿಕೆಯಾಯಿತು. ಎರಡನೆಯದು ಗುರಿಕಾರರಿಗೂ ತೋಟದವರಿಗೂ ಒದಗಿತು. ಹೆಸರೊಂದೇ ಆದುದರಿಂದ ಜನರು ಎರಡನ್ನೂ ಒಂದೇ ತೂಕದಲ್ಲಿ ತೂಗುವಂತಾಯಿತು.

ಈಗ ಬಳಕೆಯಲ್ಲಿರುವ ಗಾಳಿಕೋವಿಗಳು ಮುಖ್ಯವಾಗಿ ಮೂರು ಬಗೆಯವು. ಸ್ಪ್ರಿಂಗಿನ ಕೋವಿಯಲ್ಲಿ, ನಳಿಗೆಯನ್ನೋ ಸನ್ನೆಯನ್ನೋ ಒಮ್ಮೆ ಮಡಿಸಿದರೆ ಸ್ಪ್ರಿಂಗು ಹಿಂದೆ ಸರಿದು ನಿಲ್ಲುವುದು. ಬಿಟ್ಟಾಗ ಪಿಸ್ಟನ್ನು ಮುಂದೆ ನುಗ್ಗಿ ಗಾಳಿಯನ್ನು ಒತ್ತುವುದು. ಬೇರೆ ಪರಿಕರವು ಬೇಡವಾದುದರಿಂದ ಇದು ಮನೆಗೆ ಸರಳವು. ಆದರೆ ಪಿಸ್ಟನ್ನಿನ ಓಟದಿಂದ ಕೋವಿಯು ಹಿಂದಕ್ಕೂ ಮುಂದಕ್ಕೂ ಅದಿರುವ ಕಾರಣ ಹಿಡಿತದ ಅಭ್ಯಾಸವು ಬಹಳವಾಗಿ ಬೇಕು. ಎರಡನೆಯದು ಮೊದಲೇ ಗಾಳಿಯನ್ನು ತುಂಬಿಟ್ಟ ಕೋವಿ. ಇದು ಗಿರಾಂಡೋನಿಯ ಉಗ್ರಾಣದ ಪುನರ್ಜನ್ಮವೆನ್ನಬಹುದು. ಇದು ಅದಿರುವುದು ತೀರ ಕಡಮೆ. ಆದರೆ ವಿಶೇಷವಾದ ಪಂಪಾಗಲಿ ಗಾಳಿಯ ಸಿಲಿಂಡರಾಗಲಿ ಜೊತೆಗಿರಬೇಕು. ಮೂರನೆಯದು ಇಂಗಾಲಾಮ್ಲ ಅನಿಲದ ಚಿಕ್ಕ ಬುಡ್ಡಿಯಿಂದ ನಡೆಯುವುದು. ಚಳಿಯಲ್ಲಿ ಅದರ ಒತ್ತಡವು ಇಳಿಯುವುದರಿಂದ ಮಾಗಿಯ ಬೆಳಗಿನ ಕಾವಲಿಗೆ ಅದನ್ನು ನೆಚ್ಚುವಂತಿಲ್ಲ.

ಬಲದ ಲೆಕ್ಕವೇ ಇಲ್ಲಿ ಮರ್ಮವು. ಬ್ರಿಟನ್ನಿನಲ್ಲಿ 1969ರ ನಿಯಮಗಳ ಮೇರೆಗೆ ಗಾಳಿಯ ರೈಫಲಿನ ಬಲವು 12 ಅಡಿ-ಪೌಂಡುಗಳನ್ನು, ಎಂದರೆ ಸುಮಾರು 16 ಜೂಲ್‌ಗಳನ್ನು, ಮೀರಿದರೆ ಅದಕ್ಕೆ ಬಂದೂಕಿಗೆ ಬೇಕಾದ ಪರವಾನಗಿಯೇ ಬೇಕು. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಇದಕ್ಕಿಂತ ಕಡಮೆ ಬಲದವುಗಳಿಗೂ ಅನುಮತಿಪತ್ರವನ್ನು ಕಡ್ಡಾಯ ಮಾಡಿದರು. ಹದಿನಾರು ಜೂಲ್ ಎಂದರೆ ಒಂದೂವರೆ ಕಿಲೋಗ್ರಾಮಿಗೆ ಸ್ವಲ್ಪ ಮಿಕ್ಕ ತೂಕವನ್ನು ಒಂದು ಮೀಟರು ಎತ್ತುವಷ್ಟು ಬಲ. ಮದ್ದಿನಿಂದ ಹಾರುವ ಚಿಕ್ಕ ಬಂದೂಕಿನ ಸಾಮಾನ್ಯ ಗುಂಡಿನಲ್ಲಿಯೂ ಸುಮಾರು 140 ಜೂಲ್ ಇರುವುದು. ಇಷ್ಟೊಂದು ಅಂತರವಿರುವಲ್ಲಿ ಗುಂಡಿನ ಆಯ್ಕೆಯಿಂದ ಬಲವು ಹುಟ್ಟದು, ಇದ್ದ ಬಲವು ಹಂಚಿಕೆಯಾಗುವುದು ಮಾತ್ರ. 4.5 ಮಿಲಿಮೀಟರಿನ, ಅರ್ಧ ಗ್ರಾಮಿನ ಗುಂಡು ಆ ಬಲದಿಂದ ಸೆಕೆಂಡಿಗೆ ಸುಮಾರು 250 ಮೀಟರು ಓಡುವುದು, 5.5 ಮಿಲಿಮೀಟರಿನ, ಒಂದು ಗ್ರಾಮಿನ ಗುಂಡು ಸುಮಾರು 180 ಮೀಟರು. ಮೊದಲನೆಯದರ ದಾರಿ ನೇರವು, ಗುರಿಯು ಸುಲಭವು. ಎರಡನೆಯದು ಬಿದ್ದೆಡೆಯಲ್ಲಿ ಅಗಲವಾದ ಪೆಟ್ಟನ್ನು ಕೊಡುವುದು. ಎರಡೂ ಡಮರುವಿನಂತೆ ನಡು ಸಣ್ಣಗಿರುವ ಸೀಸದ ಗುಂಡುಗಳೇ.

ಆದುದರಿಂದ ಕೋವಿಯನ್ನು ಆರಿಸುವುದಕ್ಕೆ ಮೊದಲು ಪ್ರಾಣಿಯನ್ನು ನಿರ್ಣಯಿಸಬೇಕು. ಮರಿಗಳನ್ನೂ ಮೊಟ್ಟೆಗಳನ್ನೂ ಕದಿಯುವ ಹೆಗ್ಗಣ, ಅಮೆರಿಕದಿಂದ ತಂದು ಸಾಕಿದ್ದು ತಪ್ಪಿಸಿಕೊಂಡು ಬ್ರಿಟನ್ನಿನ ಹೊಳೆದಂಡೆಗಳಲ್ಲಿ ಹಬ್ಬಿದ ಮಿಂಕ್, ಇಂತಹ ಚಿಕ್ಕ ಪ್ರಾಣಿಗಳ ಮೇಲೆ 16 ಜೂಲ್‌ಗಳ ಕೋವಿಯನ್ನು ಸುಮಾರು 25 ಮೀಟರಿನೊಳಗೆ ಬಳಸುವುದು ಅಲ್ಲಿಯ ವಾಡಿಕೆ. ನರಿಗೆ ಅದು ಸಾಲದು. ಗುಂಡು ಚರ್ಮವನ್ನು ಹೊಕ್ಕು ನಿಂತರೆ, ಪ್ರಾಣಿಯು ಓಡಿಹೋಗಿ ಪೊದೆಯಲ್ಲಿ ದಿನಗಟ್ಟಲೆ ನರಳುವುದು. ಅಮೆರಿಕದಲ್ಲಿ ರಕೂನ್, ಕಯೋಟಿಗಳಂತಹ ದೊಡ್ಡ ಪ್ರಾಣಿಗಳಿಗಾಗಿ ಇದಕ್ಕಿಂತ ಅನೇಕ ಮಡಿ ಬಲದ, ದಪ್ಪ ನಳಿಗೆಯ ಗಾಳಿಕೋವಿಗಳನ್ನು ತಯಾರಿಸುವರು. ಆದರೆ ಅಲ್ಲಿಯೂ ಬೇಟೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನುರಿತವರು ಯಾವ ದೂರದಲ್ಲಿ ಒಂದು ಅಂಗುಲದ ಕಾಗದದ ವೃತ್ತದೊಳಗೆ ಪ್ರತಿಸಲವೂ ಗುಂಡನ್ನು ಇಡಬಲ್ಲರೋ ಆ ದೂರವನ್ನೇ ತಮ್ಮ ಎಲ್ಲೆಯಾಗಿ ಇಟ್ಟುಕೊಳ್ಳುವರು. ಬೇರೆಬೇರೆ ಗುಂಡುಗಳನ್ನು ಪರೀಕ್ಷಿಸಿ, ತಮ್ಮ ನಳಿಗೆಗೆ ಒಗ್ಗಿದ ಒಂದನ್ನೇ ಹಿಡಿಯುವರು. ದೂರದರ್ಶಕದ ಗುರಿಯನ್ನು ಒಂದೇ ದೂರಕ್ಕೆ ನಿಲ್ಲಿಸಿಕೊಳ್ಳುವರು. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಹಾರಿಸರು. ಪಿಟ್ಸ್‌ಬರ್ಗಿನ ಆ ಹೆಂಗಸಿನ ಕಥೆಯು ಈ ಕೊನೆಯ ಮಾತಿಗೆ ಸಾಕ್ಷಿ.

ಇಷ್ಟಾದರೂ ಕೋವಿಯು ಕಾವಲಿನ ಕೊನೆಯ ಮೆಟ್ಟಿಲೇ ಹೊರತು ಮೊದಲನೆಯದಲ್ಲ. ಒಂದು ನರಿಯು ಸತ್ತರೆ ಆ ನೆಲೆಗೆ ಬಲುಬೇಗ ಮತ್ತೊಂದು ಬರುವುದು. ಗೂಡಿನ ಕಿಂಡಿಯು ಹಾಗೆಯೇ ಇದ್ದರೆ ಕಾವಲುಗಾರನಿಗೆ ನಿದ್ರೆಗೇಡೇ ಫಲ. ಅರ್ಧ ಅಂಗುಲದ ಕಣ್ಣುಗಳುಳ್ಳ ಗಟ್ಟಿಯಾದ ಲೋಹದ ಜಾಲರಿ, ನೆಲವನ್ನು ತೋಡಿ ಒಳನುಗ್ಗದಂತೆ ಹೊರಕ್ಕೆ ಬಾಗಿಸಿ ಹೂಳಿದ ಅಂಚು, ಚುರುಕು ಕೈಗಳ ರಕೂನ್ ತೆರೆಯಲಾರದ ಚಿಲಕ, ಮೇಲ್ಗಡೆ ಹದ್ದಿಗೆ ಎಡೆಗೊಡದ ಮುಚ್ಚಿಗೆ, ಚೆಲ್ಲಿದ ಕಾಳನ್ನು ಸಂಜೆಗೆ ಗುಡಿಸಿಬಿಡುವ ಪದ್ಧತಿ, ಇವು ನೂರು ಗುಂಡುಗಳಿಗಿಂತ ಹೆಚ್ಚು ಕೆಲಸವನ್ನು ಮಾಡುವುವು. ರೊಪ್ಪದ ಮುಳ್ಳುಬೇಲಿಯೂ ಪಂಜರದ ಮೇಲಣ ಕಲ್ಲೂ ಹೇಳುವ ಮಾತು ಇದೇ.

ಭಾರತದಲ್ಲಿ ಈ ವಿಚಾರಕ್ಕೆ ಮತ್ತೊಂದು ಮುಖವಿರುವುದು. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್‌ಗಳನ್ನು ಮೀರಿದ ಅಥವಾ 4.5 ಮಿಲಿಮೀಟರಿಗಿಂತ ಅಗಲವಾದ ನಳಿಗೆಯ ಗಾಳಿಕೋವಿಗೆ ಪರವಾನಗಿ ಬೇಕು. ಆ ಮಿತಿಯೊಳಗಿನ ಕೋವಿಯಾದರೂ ಬೇಟೆಗೆ ಅನುಮತಿಯಾಗದು. ನರಿ, ಕಾಡುಬೆಕ್ಕು, ಪುನುಗು, ಮುಂಗುಸಿಗಳು 1972ರ ವನ್ಯಜೀವಿ ಸಂರಕ್ಷಣಾ ಶಾಸನದ ರಕ್ಷಣೆಯಲ್ಲಿರುವುವು. ಕೋಳಿಯನ್ನು ಹಿಡಿಯಿತೆಂಬ ಸಿಟ್ಟಿನಿಂದ ಅವುಗಳ ಮೇಲೆ ಕೋವಿಯನ್ನೆತ್ತುವುದು ಅಪರಾಧವು. ಪುಟ್ಟದೆಂದು ಬಗೆದ ಆಯುಧವು ಎಷ್ಟು ಹಾನಿಯನ್ನು ಮಾಡಬಲ್ಲುದೆಂಬುದಕ್ಕೆ ಅರುಣಾಚಲ ಪ್ರದೇಶವೇ ನಿದರ್ಶನ. ಮನೆಮನೆಯ ಗಾಳಿಕೋವಿಗಳಿಂದ ಅಲ್ಲಿಯ ಕಾಡಿನ ಹಕ್ಕಿಗಳ ಸದ್ದಡಗುತ್ತಿರುವುದನ್ನು ಕಂಡು, 2021ರ ಮಾರ್ಚ್ ತಿಂಗಳಲ್ಲಿ ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ದುಂಗ್ ಗ್ರಾಮದಲ್ಲಿ ಕೋವಿಗಳನ್ನು ಒಪ್ಪಿಸುವ ಚಳವಳಿಯು ಮೊದಲಾಯಿತು. ಬಲಾತ್ಕಾರವಿಲ್ಲದೆ ಜನರೇ ಎರಡು ಸಾವಿರಕ್ಕೂ ಮಿಕ್ಕು ಕೋವಿಗಳನ್ನು ಸರಕಾರಕ್ಕೆ ಒಪ್ಪಿಸಿದರು.

ಸೈನ್ಯದಲ್ಲಿ ಸೋತ ಆಯುಧವು ಮನೆಯಂಗಳದಲ್ಲಿ ಗೆಲ್ಲಬೇಕಾದರೆ ಅದಕ್ಕೆ ತಕ್ಕ ಚಿಕ್ಕ ಕೆಲಸವನ್ನೇ ಒಪ್ಪಿಸಬೇಕು. ಆ ಕೆಲಸವು ಅದರ ಬಲದೊಳಗಿದೆಯೆ, ಶಾಸನದೊಳಗಿದೆಯೆ, ಬೇಲಿಯಿಂದಲೇ ಮುಗಿಯುವಂತಿದೆಯೆ ಎಂದು ಮೂರು ಬಾರಿ ಕೇಳಿಕೊಂಡವನ ಕೈಯಲ್ಲಿ ಗಾಳಿಕೋವಿಯು ಉಪಕರಣವಾಗಿ ಉಳಿಯುವುದು. ಕೇಳದವನ ಕೈಯಲ್ಲಿಯಾದರೋ ಅದು ಹಿಂಸೆಗೆ ನೆಪ ಮಾತ್ರ. ಸಾಕಿದ ಜೀವಗಳನ್ನು ಕಾಯಹೊರಟವನು ಕಾಡಿನ ಜೀವಗಳ ಮೇಲೆಯೂ ಅಷ್ಟು ದಯೆಯನ್ನಿಡುವುದು ಗೃಹಸ್ಥಧರ್ಮಕ್ಕೆ ಹೊರತಾದುದಲ್ಲ.