ಮೊರೆ

ಪತ್ರಿಕೆ ಬಿಡಿಸಿದರೆ ದಿನಕ್ಕೊಂದು ಮೊರೆ. ಟಿಕೆಟ್ ಕೈತಪ್ಪಿದವನು ಹೈಕಮಾಂಡ್ ಮೊರೆ ಹೋಗುತ್ತಾನೆ, ಅನರ್ಹಗೊಂಡ ಶಾಸಕ ಹೈಕೋರ್ಟ್ ಮೊರೆ, ನಲ್ಲಿ ಒಣಗಿದ ಬಡಾವಣೆ ಟ್ಯಾಂಕರ್ ಮೊರೆ. ಮಳೆ ಕೈಕೊಟ್ಟರೆ ಸರ್ಕಾರವೂ ದೇವರ ಮೊರೆ ಹೋಗುವುದುಂಟು. 2019ರಲ್ಲಿ ಮುಜರಾಯಿ ಇಲಾಖೆ ಪರ್ಜನ್ಯ ಜಪ ಮಾಡಿಸಿ ಎಂದು ದೇವಸ್ಥಾನಗಳಿಗೆ ಸುತ್ತೋಲೆಯನ್ನೇ ಕಳಿಸಿತು. (ಸುತ್ತೋಲೆಯಲ್ಲಿ ಮೊರೆಯಿಡಲು ಬರುತ್ತದೆಯೇ ಎಂಬುದು ಬೇರೆ ಮಾತು.) ಹೀಗೆ ಸಿಕ್ಕಸಿಕ್ಕಲ್ಲೆಲ್ಲ ದುಡಿಸಿಕೊಂಡು ಆ ಪದದ ಗಂಟಲೇ ಕಟ್ಟಿಹೋಗಿದೆ.

ಮೊರೆಗೆ ಗಂಟಲು ಮುಖ್ಯ. ಕಡಲು ಮೊರೆಯುತ್ತದೆ, ದುಂಬಿ ಮೊರೆಯುತ್ತದೆ. ಹಳಗನ್ನಡದ 'ಮರೆವೊಗು' ಬೇರೆ. ಅದು ಆಸರೆಯ ಹಿಂದೆ ಸದ್ದಿಲ್ಲದೆ ಸರಿದು ನಿಲ್ಲುವುದು. ಮೊರೆಯಿಡುವವರು ಬಾಯಿಬಿಟ್ಟು ಕೇಳಲೇಬೇಕು. ಕುಮಾರವ್ಯಾಸನ ದ್ರೌಪದಿಯನ್ನು ನೋಡಿ. ಸಭೆಗೆ ಎಳೆದು ತಂದಾಗ ಅವಳು ನೇರವಾಗಿ ಕೃಷ್ಣನನ್ನು ಕರೆಯುವುದಿಲ್ಲ. ಮೊದಲು ನ್ಯಾಯ ಕೇಳುತ್ತಾಳೆ: ತನ್ನನ್ನೇ ಸೋತುಕೊಂಡವನಿಗೆ ಹೆಂಡತಿಯನ್ನು ಒಡ್ಡುವ ಹಕ್ಕೆಲ್ಲಿಯದು? ಹಿರಿಯರು ಕೈಚೆಲ್ಲುತ್ತಾರೆ, ಐವರು ಗಂಡಂದಿರೂ ತಲೆ ತಗ್ಗಿಸುತ್ತಾರೆ. ಮನುಷ್ಯರ ಮೇಲಿನ ನೆಚ್ಚಿಕೆ ಒಂದೊಂದಾಗಿ ಕಳಚಿಬಿದ್ದ ಮೇಲೆ ಎದ್ದದ್ದು ಆ ಮೊರೆ. ಭ್ರಮೆ ಹರಿದವರಿಗೆ ದೇವರಿಲ್ಲ ಅನ್ನುವವರಿದ್ದಾರೆ. ದ್ರೌಪದಿಗೆ ಭ್ರಮೆ ಹರಿದ ಮೇಲೆಯೇ ದೇವರು ಬಂದ.

ದೇವರ ಮೇಲಿನ ನಂಬಿಕೆಯೇ ಹೋದರೆ? ಆಗಲೂ ಮೊರೆಯೇ. ಪಕ್ಕದ ತಮಿಳಿನಲ್ಲಿ 'ಮುರೈ' ಎಂದರೆ ಕ್ರಮವೂ ಹೌದು, ನಂಟೂ ಹೌದು. 'ಮುರೈಯಿಡು' ಎಂದರೆ ದೂರು ಹೇಳಿಕೊಳ್ಳುವುದು. ನಂಟಿದ್ದವರ ಮೇಲಲ್ಲವೇ ದೂರು! ನಮ್ಮ ದಾಸರಂತೂ ನಿಂದಾಸ್ತುತಿ ಎಂಬ ಬಗೆಯನ್ನೇ ಬೆಳೆಸಿದರು. ಪುರಂದರದಾಸರು ವಿಠಲನನ್ನು ಬೈದಷ್ಟು ಸಲಿಗೆಯಿಂದ ನಾವು ಮನೆಯವರನ್ನೂ ಬೈಯಲಾರೆವು. ಮಗುವನ್ನು ಕಳೆದುಕೊಂಡ ತಾಯಿ 'ನಿನಗೆ ಕಣ್ಣಿಲ್ಲವೇನೋ' ಎಂದು ದೇವರನ್ನು ಶಪಿಸುವಾಗ, ಸಮಾಧಾನ ಹೇಳಲು ಬಂದವರು 'ಹಾಗೆಲ್ಲ ಅನ್ನಬಾರದಮ್ಮ' ಎಂದು ಬಾಯಿ ಮುಚ್ಚಿಸುತ್ತಾರೆ. ಮುಚ್ಚಿಸಬಾರದು. ಆ 'ಏನೋ' ಎಂಬಲ್ಲಿ, ಅವಳ ಪಾಲಿಗೆ, ಎದುರಿಗೆ ಇನ್ನೂ ಒಬ್ಬನಿದ್ದಾನೆ.

ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ತೆರೆಯುತ್ತದೆ. ಬಾಗಿಲು ಹಾಕಿದ ಮೇಲೆ ಹುಂಡಿ ಎಣಿಸಲು ಕೂತರೆ ನೋಟುಗಳ ನಡುವೆ ಚೀಟಿಗಳೂ ಸಿಗುತ್ತವೆ. ಕೆಲಸ ಕೊಡಿಸು ತಾಯಿ, ಮದುವೆ ಮಾಡಿಸು, ಪರೀಕ್ಷೆಯಲ್ಲಿ ಪಾಸು ಮಾಡಿಸು, ಇಂಥವರನ್ನು ಚುನಾವಣೆಯಲ್ಲಿ ಸೋಲಿಸು. ಪತ್ರಿಕೆಗಳು ಇವನ್ನು ತಮಾಷೆಗೆಂದು ಅಚ್ಚು ಹಾಕುತ್ತವೆ, ಓದಿದವರು ನಗುತ್ತಾರೆ. ನನಗೆ ಆ ಚೀಟಿಗಳಲ್ಲಿ ಅರ್ಜಿ ಕೊಟ್ಟು, ಕಚೇರಿ ಅಲೆದು, 'ನಾಳೆ ಬಾ' ಅನ್ನಿಸಿಕೊಂಡವರ ಕೈಬರಹ ಕಾಣುತ್ತದೆ. ಗುಡಿ ಮತ್ತೆ ತೆರೆಯುವುದು ಮುಂದಿನ ವರ್ಷ. ಅವರಿಗೆ ಕಾಯುವುದೇನು ಹೊಸದಲ್ಲ. ಕೆಲಸವಾಗದಿದ್ದರೆ ಇನ್ನೊಂದು ಚೀಟಿ ಬರೆದಾರು, ಈ ಸಲ ಸ್ವಲ್ಪ ಖಾರವಾಗಿಯೇ.