ಬೆಂಗಳೂರು ಬ್ಲೂ: ಮನೆಯ ದ್ರಾಕ್ಷಿಗೆ ಮರ್ಯಾದೆ ಯಾಕೆ ಕಡಿಮೆ?

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ನಾವು ಪರಿಚಯಿಸಬೇಕಿಲ್ಲ. ಕಲ್ಲುಕಂಬದ ಮೇಲೆ ತಂತಿ ಚಪ್ಪರ, ಕೆಳಗೆ ಕಪ್ಪು ನೀಲಿ ಗೊಂಚಲು. ಹಣ್ಣು ಒತ್ತಿದರೆ ತಿರುಳು ಜಾರಿ ಬಾಯಿಗೆ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜ್ಯೂಸಿಗೂ ಅಗ್ಗದ ಸಿಹಿ ಕೆಂಪು ವೈನಿಗೂ ಹೋಗುವುದು ಇದೇ ಹಣ್ಣು. ಆದರೆ ವೈನ್ ಬಲ್ಲವರನ್ನು ಕೇಳಿದರೆ, "ಅದು ವೈನ್ ದ್ರಾಕ್ಷಿಯೇ ಅಲ್ಲ" ಅನ್ನುತ್ತಾರೆ. ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ಹೆಸರಿನಲ್ಲಿ ಬೆಂಗಳೂರು ಇದ್ದರೂ ಇದರ ಬೇರು ಅಮೆರಿಕದ್ದು. ಅಲ್ಲಿ ಇದಕ್ಕೆ ಇಸಾಬೆಲ್ಲಾ ಎಂದು ಹೆಸರು. ಇಸಾಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಹೆಸರನ್ನು ಈ ತಳಿಗೆ ಇಟ್ಟು, 1816ರ ಹೊತ್ತಿಗೆ ನ್ಯೂಯಾರ್ಕ್ ಬಳಿ ನರ್ಸರಿ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ ಅದನ್ನು ಹರಡಿದರು. ಅಮೆರಿಕದ ಕಾಡುದ್ರಾಕ್ಷಿ ಮತ್ತು ಯುರೋಪಿನ ದ್ರಾಕ್ಷಿ ಬೆರೆತ ತಳಿ ಇದು. ಅಲ್ಲಿಂದ ಯುರೋಪಿಗೆ ಹೋಯಿತು. ನಮ್ಮ ನಂದಿ ಬೆಟ್ಟದ ಸುತ್ತಲಿನ ಕೆಂಪು ಮಣ್ಣಿಗೆ ಬಂದು ಸುಮಾರು 150 ವರ್ಷವಾಯಿತು ಎನ್ನುತ್ತಾರೆ.

ಅಷ್ಟರಲ್ಲಿ ಯುರೋಪಿನಲ್ಲಿ ಅನಾಹುತವಾಗಿತ್ತು. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಬಂದ ಫಿಲೋಕ್ಸೆರಾ ಎಂಬ ಸಣ್ಣ ಕೀಟ ಬೇರು ತಿಂದು ಫ್ರಾನ್ಸಿನ ತೋಟಗಳನ್ನೇ ಒಣಗಿಸಿತು. ಮದ್ದು ಸಿಕ್ಕಿದ್ದೂ ಅಮೆರಿಕದಲ್ಲೇ. ಅಲ್ಲಿನ ಗಟ್ಟಿ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟಿದರು, ತೋಟ ಉಳಿಯಿತು. ಇಂದು ನಮ್ಮ ರೈತರು ಕಸಿಗೆ ಬಳಸುವ ಡಾಗ್‌ರಿಡ್ಜ್ ಬೇರುಗಿಡವೂ ಅಮೆರಿಕದ್ದೇ.

ಆದರೆ ಬೇರು ಬೇಕಾದವರಿಗೆ ಹಣ್ಣು ಬೇಡವಾಯಿತು. 1930ರ ದಶಕದಲ್ಲಿ ಫ್ರಾನ್ಸಿನಲ್ಲಿ ವೈನ್ ಅತಿಯಾಗಿ ಬೆಲೆ ಕುಸಿಯಿತು. ಕೋಲಾರದಲ್ಲಿ ಟೊಮೆಟೊ ರಸ್ತೆಗೆ ಬಿದ್ದಾಗ ಏನಾಗುತ್ತದೋ ಅದೇ ಪರಿಸ್ಥಿತಿ. 1934ರ ಕೊನೆಯಲ್ಲಿ ಸರ್ಕಾರ ಆರು ತಳಿಗಳನ್ನು ನಿಷೇಧಿಸಿತು. ಅವುಗಳಲ್ಲಿ ಇಸಾಬೆಲ್ಲಾ ಒಂದು. ವಾಸನೆ ಕೆಟ್ಟದ್ದು, ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬ ಅಪವಾದವೂ ಅಂಟಿಕೊಂಡಿತು.

ಆ ವಾಸನೆ ನಿಮಗೂ ಗೊತ್ತು. ಪೆಟ್ಟಿಗೆ ಅಂಗಡಿಯ ದ್ರಾಕ್ಷಿ ಪೆಪ್ಪರ್‌ಮಿಂಟಿನಲ್ಲಿ ಬರುವುದು ಇದೇ ಪರಿಮಳ. ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಲ್ಲಿ ಇಸಾಬೆಲ್ಲಾದ ವೈನಿಗೆ "ಪರಿಮಳದ ವೈನ್" ಎಂದೇ ಹೆಸರು. ಅಲ್ಲಿ ಪವಿತ್ರಾತ್ಮನ ಹಬ್ಬದಲ್ಲಿ ಊರವರಿಗೆಲ್ಲ ಬ್ರೆಡ್ಡಿನ ಮೇಲೆ ದನದ ಮಾಂಸದ ಸಾರು ಸುರಿದು ಬಡಿಸುತ್ತಾರೆ, ಜೊತೆಗೆ ಈ ವೈನ್. ಒಂದೂರಿನ ದುರ್ವಾಸನೆ ಇನ್ನೊಂದೂರಿನ ಹಬ್ಬ.

ಹಾಗಂತ ಹಣ್ಣಿಗೆ ಮಿತಿಯೇ ಇಲ್ಲವೆಂದಲ್ಲ. ಬೆಂಗಳೂರು ಬ್ಲೂನಲ್ಲಿ ಸಕ್ಕರೆ ಶೇ 16ರಿಂದ 18, ಹುಳಿ ಜಾಸ್ತಿ. ವೈನಿನ ಹೆಸರಾಂತ ತಳಿಗಳಲ್ಲಿ ಸಕ್ಕರೆ 22 ದಾಟುತ್ತದೆ. ಸಕ್ಕರೆಯೇ ಹುದುಗಿ ಮದ್ಯವಾಗುವುದರಿಂದ ಇದಕ್ಕೆ ಹೊರಗಿನಿಂದ ಸಕ್ಕರೆ ಸೇರಿಸಬೇಕಾಗುತ್ತದೆ. ಬೆಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ವೈನಿನಲ್ಲೂ ಅಷ್ಟೇ: ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಜೊತೆಗೆ ಕುಲ್‌ಕುಲ್, ಪ್ಲಮ್ ಕೇಕ್.

ಆ ಸಿಹಿಯೇ ನಮ್ಮ ಊಟಕ್ಕೆ ಅನುಕೂಲ. ಒಗರು ಜಾಸ್ತಿಯಿರುವ ಕೆಂಪು ವೈನ್ ಕುಡಿದರೆ ಮೆಣಸಿನ ಖಾರ ಇನ್ನಷ್ಟು ಉರಿಯುತ್ತದೆ. ಸಿಹಿ ವೈನ್ ಖಾರವನ್ನು ತಣಿಸುತ್ತದೆ. ಕುಡಿಯುವ ಅಭ್ಯಾಸವಿದ್ದವರು ಮಸಾಲೆ ಅರೆದ ಮಟನ್ ಸಾರು, ಮುದ್ದೆಯ ಜೊತೆ ಸ್ವಲ್ಪ ತಂಪು ಮಾಡಿದ ಸಿಹಿ ವೈನ್ ಇಟ್ಟುಕೊಂಡರೆ ವ್ಯತ್ಯಾಸ ತಿಳಿಯುತ್ತದೆ.

1988ರಲ್ಲಿ ನಂದಿ ಬೆಟ್ಟದ ತಪ್ಪಲಿಗೆ ಗ್ರೋವರ್ ಕಂಪನಿ ಬಂತು, ಫ್ರಾನ್ಸಿನ ತಳಿಗಳು ಬಂದವು. 2007ರಲ್ಲಿ ರಾಜ್ಯದ ವೈನ್ ನೀತಿ ಬಂತು. 2013ರಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಆದರೆ ಮಾನ್ಯತೆಯ ಕಾಗದದಿಂದ ಕೆಜಿಗೆ ಬೆಲೆ ತಾನಾಗಿ ಏರುವುದಿಲ್ಲ. ಕೊಳ್ಳುವವರು ಹೆಸರು ಹಿಡಿದು ಕೇಳಬೇಕು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಯನ್ನು ನಾವು ಕೇಳುವುದು ಹೆಸರು ಹಿಡಿದೇ ಅಲ್ಲವೇ? ವರ್ಷಕ್ಕೆ ಎರಡು ಬೆಳೆ ಕೊಡುವ ಈ ಚಪ್ಪರಗಳ ಪಕ್ಕದಲ್ಲೇ ಈಗ ಲೇಔಟಿನ ಕಲ್ಲುಗಳೂ ನಿಲ್ಲುತ್ತಿವೆ. ಜ್ಯೂಸ್ ಆಗಲಿ, ವೈನ್ ಆಗಲಿ, ಮುಂದಿನ ಸಲ ಬಾಟಲಿ ತಿರುಗಿಸಿ ಯಾವ ದ್ರಾಕ್ಷಿ ಎಂದು ಓದಿ. ಬರೆದಿರದಿದ್ದರೆ ಅಂಗಡಿಯವರನ್ನು ಕೇಳಿ.