ಹದಿನಾರು ಕೆರೆಯ ಹೆಬ್ಬಾತು

ನಮ್ಮ ನಂಜನಗೂಡು ತಾಲೂಕಿನ ಹದಿನಾರು ಕೆರೆಗೆ ಚಳಿಗಾಲ ಕಳೆಯಲು ಬರುವ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡೋದು ಮಂಗೋಲಿಯಾದಂಥ ದೂರದ ನಾಡಲ್ಲಿ. ಬೇಸಿಗೆ ಮುಟ್ಟುತ್ತಲೇ ಹೊರಡ್ತವೆ. ‘ಬಿಸಿಲು ತಡೀದೆ ಹೋಗ್ತಾವೆ ಕಣ್ಲಾ’ ಅನ್ನೋಳು ಬದನವಾಳಿನ ನಮ್ಮಜ್ಜಿ.

ಶಾಖವೋ, ಬೆಳಕೋ? 1924ರಲ್ಲಿ ಕೆನಡಾದ ವಿಲಿಯಂ ರೋವನ್ ಪರೀಕ್ಷಿಸಿದರು. ಜುಂಕೋ ಎಂಬ ಪುಟ್ಟ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಇಟ್ಟು, ಸಂಜೆ ಬಲ್ಬು ಹಚ್ಚಿ, ಹಗಲನ್ನು ದಿನದಿನಕ್ಕೆ ಹಿಗ್ಗಿಸಿದರು. ನಡುಚಳಿಗಾಲದಲ್ಲೇ ಗಂಡುಹಕ್ಕಿಗಳ ವೃಷಣಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು! ಕಾರಣ ಬೆಳಕು.

ಆದರೆ ನಮ್ಮಲ್ಲಿ ಹಗಲಿನ ಉದ್ದ ವರ್ಷಪೂರ್ತಿ ಒಂದೂವರೆ ಗಂಟೆಯಷ್ಟೂ ಬದಲಾಗಲ್ಲವಲ್ಲ? 1960ರ ದಶಕದಲ್ಲಿ ಜರ್ಮನಿಯ ಗ್ವಿನ್ನರ್ ಉತ್ತರ ಕಂಡರು: ಹಗಲು ಬದಲಾಗದ ಕೋಣೆಯಲ್ಲೂ ಪುಟ್ಟ ವಲಸೆ ಹಕ್ಕಿಗಳು ಹೊರಡುವ ಕಾಲಕ್ಕೆ ಚಡಪಡಿಸಿದವು. ಮೈಯೊಳಗೇ ವರ್ಷದ ಗಡಿಯಾರ. ಬೆಳಕು ಅದರ ಮುಳ್ಳನ್ನು ಸರಿಪಡಿಸುತ್ತದೆ.

ಕೆರೆ ಏರಿಗೆ ಲೈಟು ಕೇಳೋ ಮುನ್ನ ಇದು ನೆನಪಿರಲಿ.